ಯಾವ ಹಡಗು ಒಳ್ಳೆಯದು?

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಿಂದ ಈಚೆಗೆ ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. “ಸರ್, ಬೇಸಿಗೆಯಲ್ಲಿ ಅಪ್ಪ ಅಮ್ಮ ಬರುತ್ತಿದ್ದಾರೆ. ಅಲಾಸ್ಕಾ ಕ್ರೂಸಿಗೆ ಕರೆದುಕೊಂಡು ಹೋಗೋಣವೆಂದಿದ್ದೇವೆ. ನೀವು ಹೋಗಿ ಬಂದವರು. ಯಾವ ಕಂಪನಿ ಒಳ್ಳೆಯದು?” ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಬರೆಯುವ ಬದಲು ಇಲ್ಲಿಯೇ ಉತ್ತರಿಸುತ್ತಿದ್ದೇನೆ.

ನಮ್ಮ ಪ್ರಗತಿಪತ್ರದಲ್ಲಿ ಒಟ್ಟು ಅಂಕವೆಂಬ ಒಂದು ಕಾಲಂ ಇರುತ್ತಿತ್ತು. ತಂದೆತಾಯಿಗಳ ಕಣ್ಣು ನೇರವಾಗಿ ಅಲ್ಲಿಗೇ ಹೋಗುತ್ತಿತ್ತು. ಆದರೆ ಮಗುವಿಗೆ ಯಾವ ವಿಷಯದಲ್ಲಿ ಒಲವು, ಯಾವುದರಲ್ಲಿ ಕಷ್ಟ ಎಂಬುದನ್ನು ಒಟ್ಟು ಅಂಕ ಹೇಳುವುದಿಲ್ಲ. ಹಡಗು ಕಂಪನಿಗಳನ್ನು ಮೊದಲನೆಯದು, ಎರಡನೆಯದು ಎಂದು ಸಾಲಾಗಿ ನಿಲ್ಲಿಸುವುದೂ ಹೀಗೆಯೇ.

ಮೊದಲು ಅವುಗಳ ಮನೆತನವನ್ನು ತಿಳಿಯೋಣ. ಕಾರ್ನಿವಲ್, ಪ್ರಿನ್ಸೆಸ್, ಹಾಲೆಂಡ್ ಅಮೆರಿಕ, ಕುನಾರ್ಡ್ ಇವೆಲ್ಲ ಒಂದೇ ಒಡೆತನದವು. ರಾಯಲ್ ಕೆರಿಬಿಯನ್ ಮತ್ತು ಸೆಲೆಬ್ರಿಟಿ ಇನ್ನೊಂದು ಮನೆಯವು. ಆದರೂ ಒಂದೇ ಮನೆಯ ಅಣ್ಣತಮ್ಮಂದಿರಂತೆ ಇವುಗಳ ಸ್ವಭಾವ ಬೇರೆ ಬೇರೆ. 1972ರಲ್ಲಿ ಹುಟ್ಟಿದ ಕಾರ್ನಿವಲ್ ಜಾತ್ರೆಯ ಗದ್ದಲವನ್ನು ಇಷ್ಟಪಡುವವರಿಗೆ. ದರವೂ ಸಾಮಾನ್ಯವಾಗಿ ಕಡಿಮೆ. ರಾಯಲ್ ಕೆರಿಬಿಯನ್ನಿನ ಹಡಗುಗಳು ತೇಲುವ ಪಟ್ಟಣಗಳು. 2024ರಲ್ಲಿ ಯಾನ ಆರಂಭಿಸಿದ ಅದರ ‘ಐಕಾನ್ ಆಫ್ ದ ಸೀಸ್’ 365 ಮೀಟರ್ ಉದ್ದ, 20 ಅಂತಸ್ತು. ಸೆಲೆಬ್ರಿಟಿ ಊಟಕ್ಕೂ ಅಂದಕ್ಕೂ ಹೆಚ್ಚು ಗಮನ ಕೊಡುತ್ತದೆ. ನಾರ್ವೇಜಿಯನ್ ಕಂಪನಿ 2000ದಲ್ಲಿ ನಿಗದಿತ ಊಟದ ವೇಳೆ, ನಿಗದಿತ ಮೇಜು ಎಂಬ ಕಟ್ಟಳೆಯನ್ನು ಕೈಬಿಟ್ಟಿತು. ಬೇಕೆಂದಾಗ ಉಣ್ಣುವವರಿಗೆ ಅದು ಅನುಕೂಲ. ಡಿಸ್ನಿ ಪುಟ್ಟ ಮಕ್ಕಳ ಸ್ವರ್ಗ, ಬೆಲೆಯೂ ಸ್ವರ್ಗದ್ದೇ. ವೈಕಿಂಗ್ ಸಂಸ್ಥೆಯ ಹಡಗುಗಳಲ್ಲಿ 18 ವರ್ಷಕ್ಕಿಂತ ಚಿಕ್ಕವರಿಗೆ ಪ್ರವೇಶವಿಲ್ಲ, ಜೂಜುಕಟ್ಟೆಯೂ ಇಲ್ಲ. 1873ರಲ್ಲಿ ಆರಂಭವಾಗಿ, ಒಂದು ಕಾಲದಲ್ಲಿ ಯೂರೋಪಿನ ವಲಸಿಗರನ್ನು ಅಮೆರಿಕಕ್ಕೆ ಹೊತ್ತು ತಂದ ಹಾಲೆಂಡ್ ಅಮೆರಿಕದಲ್ಲಿ ಇಂದು ಹಿರಿಯ ವಯಸ್ಸಿನವರೇ ಹೆಚ್ಚು. ಸಂಜೆಯ ಸಂಗೀತ, ಕುಳಿತು ಓದಲು ಜಾಗ, ಸಾವಧಾನ ಅಲ್ಲಿನ ಗುಣ. ಪ್ರಿನ್ಸೆಸ್ ಇವೆರಡು ಕೊನೆಗಳ ನಡುವಿನದು.

ಇನ್ನು ಅಲಾಸ್ಕಾದ ಮಾತು. ಅಲ್ಲಿ ಹಡಗಿಗಿಂತ ದಾರಿ ಮುಖ್ಯ. ಗ್ಲೇಸಿಯರ್ ಬೇ ಎಂಬ ರಾಷ್ಟ್ರೀಯ ಉದ್ಯಾನದೊಳಕ್ಕೆ ದಿನಕ್ಕೆ ಎರಡು ದೊಡ್ಡ ವಿಹಾರನೌಕೆಗಳಿಗೆ ಮಾತ್ರ ಪ್ರವೇಶ. ಆ ಅವಕಾಶದ ಬಹುಪಾಲು ಹಾಲೆಂಡ್ ಅಮೆರಿಕ ಮತ್ತು ಪ್ರಿನ್ಸೆಸ್ ಕಂಪನಿಗಳದು. ರಾಯಲ್ ಕೆರಿಬಿಯನ್ನಿನಂತಹ ಕಂಪನಿಗಳು ಸಾಮಾನ್ಯವಾಗಿ ಬೇರೆ ಹಿಮನದಿಗಳ ಕಡೆಗೆ ಹೋಗುತ್ತವೆ, ಅವೂ ಸುಂದರವೇ. ಆದ್ದರಿಂದ ಜಾಹೀರಾತಿನ ಚಿತ್ರವನ್ನು ನೋಡಿ ಹಣ ಕಟ್ಟುವ ಮೊದಲು ದಾರಿಯ ಪಟ್ಟಿಯನ್ನು ಸಾಲುಸಾಲಾಗಿ ಓದಬೇಕು.

2023ರಲ್ಲಿ ನಾವು ಹೊರಟಾಗ ಮಗ ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾದ ಕೋಷ್ಟಕವೊಂದನ್ನು ಮಾಡಿದ್ದ. ದರ, ಕೋಣೆಯ ಅಳತೆ, ಈಜುಕೊಳ, ಉಪಾಹಾರ ಗೃಹಗಳ ಸಂಖ್ಯೆ, ನಾಟಕಶಾಲೆ ಎಲ್ಲವೂ ಅದರಲ್ಲಿದ್ದವು. ಮೊಮ್ಮಗನ ಮತ ನೀರಿನ ಜಾರುಬಂಡೆ ಇರುವ ಹಡಗಿಗೆ. ನನ್ನ ಹೆಂಡತಿಗೆ ಮಂಡಿನೋವು. ಅವಳು ಎಲ್ಲಕ್ಕೂ “ನಿಮಗೆ ಹೇಗೆ ಸರಿಯೋ ಹಾಗೆ ಮಾಡಿ” ಎನ್ನುತ್ತಿದ್ದಳು. ಕೊನೆಗೆ ಸೊಸೆ ಕೋಷ್ಟಕವನ್ನು ಪಕ್ಕಕ್ಕಿಟ್ಟು ಅವಳ ಬಳಿ ಕುಳಿತು, “ಅತ್ತೆ, ನಿಮಗೆ ಏನು ನೋಡಬೇಕು ಅನ್ನಿಸುತ್ತೆ, ಅದನ್ನು ಹೇಳಿ” ಎಂದು ಕೇಳಿದಳು.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು ಹೇಳಿದಳು: “ನಾನು ಎಲ್ಲಿ ಕೂತರೂ ಆಗುತ್ತೆ ಕಣಮ್ಮ. ಇವರು ಮೂವತ್ತು ವರ್ಷ ಬೋರ್ಡಿನ ಮೇಲೆ ಹಿಮನದಿ ಬರೆದರು. ಒಂದು ಸಲ ಹತ್ತಿರದಿಂದ ನೋಡಲಿ.”

ಇಷ್ಟು ದಿನ ನಾನೂ ಅವಳಿಗೆ ಆ ಮಾತನ್ನು ಹೇಳಿರಲಿಲ್ಲ. ಗ್ಲೇಸಿಯರ್ ಬೇಗೆ ಹೋಗುವ ಆ ಎರಡು ಕಂಪನಿಗಳಲ್ಲೊಂದನ್ನು ಆರಿಸಿದೆವು. ಈಜುಕೊಳವಾದರೂ ಇರಬೇಕೆಂಬ ಷರತ್ತಿನ ಮೇಲೆ ಮೊಮ್ಮಗ ಒಪ್ಪಿದ.

ಉದ್ಯಾನದ ಅಧಿಕಾರಿಗಳು ಹಡಗನ್ನೇರಿ ಆ ಪ್ರದೇಶದ ಕಥೆ ಹೇಳಿದರು. 1794ರಲ್ಲಿ ವ್ಯಾಂಕೂವರನ ನಾವಿಕರು ಬಂದಾಗ ಈ ಕೊಲ್ಲಿ ಇರಲೇ ಇಲ್ಲವೆನ್ನಬಹುದು. ಅದರ ಬಾಯಿಗೆ ಮಂಜಿನ ಗೋಡೆ ಅಡ್ಡ ನಿಂತಿತ್ತು. ಆಮೇಲೆ ಆ ಮಂಜು ಸುಮಾರು 100 ಕಿ.ಮೀ. ಹಿಂದೆ ಸರಿದಿದೆ. ಮಾರ್ಜರಿ ಹಿಮನದಿಯ ಮುಂದೆ ಹಡಗು ನಿಂತಿತು. ಸುಮಾರು 34 ಕಿ.ಮೀ. ಉದ್ದದ ನದಿ ಅದು. ಅದರ ತುದಿಯ ಗೋಡೆ ಒಂದೂವರೆ ಕಿ.ಮೀ.ಗೂ ಹೆಚ್ಚು ಅಗಲ. ಒಳಗಿನಿಂದ ದೀಪ ಹಚ್ಚಿಟ್ಟಂತೆ ನೀಲಿ. ಒತ್ತೊತ್ತಾದ ಮಂಜು ಕೆಂಪು ಬೆಳಕನ್ನು ಹೀರಿ ನೀಲಿಯನ್ನು ಬಿಡುತ್ತದೆಂದು ಪಾಠದಲ್ಲಿ ಹೇಳಿದವನು ನಾನೇ. ಒಂದು ದೊಡ್ಡ ತುಂಡು ಕಳಚಿ ನೀರಿಗೆ ಬಿದ್ದುದು ಮೊದಲು ಕಂಡಿತು. ಗುಡುಗಿನಂತಹ ಸದ್ದು ತುಸು ತಡವಾಗಿ ಬಂತು. ಹಡಗು ನಿಧಾನವಾಗಿ ತಿರುಗಿದ್ದರಿಂದ ಹೆಂಡತಿ ನಮ್ಮ ಕೋಣೆಯ ಬಾಲ್ಕನಿಯಲ್ಲಿ ಶಾಲು ಹೊದ್ದು ಕುಳಿತೇ ಎಲ್ಲವನ್ನೂ ನೋಡಿದಳು. ಅವಳು ಹಿಮನದಿಗಿಂತ ಹೆಚ್ಚಾಗಿ ನನ್ನನ್ನೇ ನೋಡುತ್ತಿದ್ದಳೆಂದು ಮೊಮ್ಮಗ ಹೇಳುತ್ತಾನೆ.

ಇನ್ನು ಕೆಲವು ವ್ಯವಹಾರದ ಮಾತುಗಳು. ವಿದೇಶಿ ಧ್ವಜದ ಹಡಗು ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಮರಳುವುದಾದರೆ, ಅಮೆರಿಕದ 1886ರ ಕಾನೂನಿನಂತೆ, ನಡುವೆ ಪರದೇಶದ ಬಂದರೊಂದನ್ನು ಮುಟ್ಟಲೇಬೇಕು. ಅಲಾಸ್ಕಾ ಯಾನದಲ್ಲಿ ಅದು ಕೆನಡಾದ್ದು. ಭಾರತದ ಪಾಸ್‌ಪೋರ್ಟಿನಲ್ಲಿ ಪ್ರವಾಸಕ್ಕೆ ಬಂದ ತಂದೆತಾಯಿಗಳಿಗೆ ಕೆನಡಾದ ವೀಸಾ ಬೇಕು; ಹಲವು ತಿಂಗಳ ಮೊದಲೇ ಅರ್ಜಿ ಹಾಕಿ. ಅಮೆರಿಕದ ವೀಸಾ ಮರುಪ್ರವೇಶಕ್ಕೆ ಅವಕಾಶ ಕೊಡುವುದೇ ಎಂಬುದನ್ನೂ ನೋಡಿಕೊಳ್ಳಿ. ಟಿಕೆಟ್ಟಿನ ದರವೇ ಪೂರ್ಣ ಖರ್ಚಲ್ಲ. ಸಿಬ್ಬಂದಿಯ ಭಕ್ಷೀಸೆಂದು ದೊಡ್ಡ ಕಂಪನಿಗಳಲ್ಲಿ ಹೆಚ್ಚಾಗಿ ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ಸೇರುತ್ತದೆ. ಹಡಗಿನ ವೈದ್ಯರ ಶುಲ್ಕ ಹಗುರವಲ್ಲ, ವಿಮೆ ಮಾಡಿಸಿಯೇ ಹೊರಡಿ. ಸಸ್ಯಾಹಾರದ ವಿಷಯವನ್ನು ಟಿಕೆಟ್ ಕಾಯ್ದಿರಿಸುವಾಗಲೇ ತಿಳಿಸಿ. ಓಲಾಟಕ್ಕೆ ಹೆದರುವವರಿಗೆ ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕೋಣೆ ಲೇಸು.

ಇಷ್ಟೆಲ್ಲ ಬರೆದ ಮೇಲೂ ಕಂಪನಿಯ ಹೆಸರನ್ನು ನಾನು ಹೇಳಲಾರೆ. ಮೊದಲು ಅಪ್ಪನನ್ನೂ ಅಮ್ಮನನ್ನೂ ಬೇರೆ ಬೇರೆಯಾಗಿ ಕೇಳಿ. “ನಿಮಗೆ ಹೇಗೆ ಸರಿಯೋ ಹಾಗೆ” ಎಂದೇ ಇಬ್ಬರೂ ಹೇಳುವರು. ಅದನ್ನು ಉತ್ತರವೆಂದು ಬರೆದುಕೊಳ್ಳದೆ, ಪಕ್ಕದಲ್ಲಿ ಕುಳಿತು ಇನ್ನೊಮ್ಮೆ ಕೇಳಿ.