ಗಡಿಯಾರದ ಕೀಲಿ ಯಾರ ಕೈಲಿರಬೇಕು?

ಒಂದು ಪ್ಯಾಕೆಟ್ ನಿಮ್ಮ ಕಂಪ್ಯೂಟರಿಗೆ ಎಷ್ಟು ಹೊತ್ತಿಗೆ ಬಂತು? ಪೆದ್ದು ಪ್ರಶ್ನೆ ಅನ್ನಿಸುತ್ತೆ ಅಲ್ವಾ... ಗಡಿಯಾರ ನೋಡಿದರಾಯ್ತು! ಆದರೆ ಯಾವ ಗಡಿಯಾರ, ಅದನ್ನ ನೋಡಿದ್ದು ಯಾವಾಗ ಅನ್ನೋದ್ರಲ್ಲೇ ಇರೋದು ತಕರಾರು. ಪ್ಯಾಕೆಟ್ ತಂತಿಯಿಂದ ಕಾರ್ಡಿಗೆ ಬಂದು, ಇಂಟರಪ್ಟ್ ಎದ್ದು, ಕರ್ನಲ್ ಎಚ್ಚೆತ್ತು, ಕೊನೆಗೆ ನಿಮ್ಮ ಪ್ರೋಗ್ರಾಮಿನ ಸರದಿ ಬರೋ ಹೊತ್ತಿಗೆ ಒಂದಷ್ಟು ಮೈಕ್ರೋಸೆಕೆಂಡು ಜಾರಿ ಹೋಗಿರುತ್ತೆ. ಅದೂ ಪ್ರತಿ ಸಲ ಒಂದೇ ಸಮ ಅಲ್ಲ.

ಈ-ಮೇಲಿಗೆ ಇದರಿಂದ ಏನೂ ನಷ್ಟ ಇಲ್ಲ. ಆದರೆ ಟಿಡಿಡಿ ಪದ್ಧತಿಯ 5ಜಿ ಟವರುಗಳನ್ನ ತಗೊಳ್ಳಿ. ಒಂದೇ ತರಂಗಾಂತರದಲ್ಲಿ ಸ್ವಲ್ಪ ಹೊತ್ತು ಮಾತಾಡೋದು, ಸ್ವಲ್ಪ ಹೊತ್ತು ಕೇಳಿಸಿಕೊಳ್ಳೋದು. ಅಲ್ಲಿ ಪ್ರತಿ ಟವರಿನ ಗಡಿಯಾರವೂ ಮೂಲ ಗಡಿಯಾರಕ್ಕಿಂತ 1.5 ಮೈಕ್ರೋಸೆಕೆಂಡಿಗಿಂತ ಹೆಚ್ಚು ಆಚೀಚೆ ಆಗಬಾರದು ಅನ್ನೋದು ಸಾಮಾನ್ಯ ಲೆಕ್ಕ. ತಪ್ಪಿದರೆ ಪಕ್ಕದ ಟವರು ಕಿವಿಗೊಟ್ಟು ಕೂತಿರುವಾಗ ಇದು ಗಟ್ಟಿಯಾಗಿ ಕಿರುಚ್ತಾ ಇರುತ್ತೆ! ಅದಕ್ಕೇ ಐಇಇಇ 1588, ಅಂದರೆ ಪಿಟಿಪಿಯಲ್ಲಿ ಸಮಯದ ಮುದ್ರೆ ಒತ್ತೋ ಕೆಲಸವನ್ನ ನೆಟ್‌ವರ್ಕ್ ಕಾರ್ಡಿಗೇ ವಹಿಸಬಹುದು. ಇದೇ ಹಾರ್ಡ್‌ವೇರ್ ಟೈಮ್‌ಸ್ಟ್ಯಾಂಪಿಂಗ್.

ಸರಿ, ಕಾರ್ಡಿಗೆ "ಮುದ್ರೆ ಒತ್ತು" ಅಂತ ಹೇಳೋದು ಎಲ್ಲಿಂದ? ನಾನು ಬರೆಯಬೇಕು ಅಂತಿರೋದು ಈ ಪ್ರಶ್ನೆ ಬಗ್ಗೆ.

2009ರಲ್ಲಿ ಬಂದ ಲಿನಕ್ಸ್ 2.6.30ರಲ್ಲಿ ಈ ಕೆಲಸವನ್ನ ಎರಡು ಭಾಗ ಮಾಡಿದರು. "ನನಗೆ ಮುದ್ರೆ ಬೇಕು" ಅಂತ ಪ್ರೋಗ್ರಾಮು ತನ್ನ ಸಾಕೆಟ್ಟಿನ ಮೇಲೆ ಒಂದು ಆಯ್ಕೆ ಹಾಕುತ್ತೆ. ಇದನ್ನ ಯಾರು ಬೇಕಾದರೂ ಮಾಡಬಹುದು. ಆದರೆ ಕಾರ್ಡು ಯಾವ ಪ್ಯಾಕೆಟ್ಟಿಗೆ ಮುದ್ರೆ ಒತ್ತಬೇಕು ಅನ್ನೋದನ್ನ ಇಡೀ ಇಂಟರ್‌ಫೇಸಿಗೆ ಸೇರಿದ ಬೇರೆ ಐಯೋಕ್ಟಲ್ ತೀರ್ಮಾನಿಸುತ್ತೆ (ಅದರ ಹೆಸರು ಹೇಳಿದರೆ ನಾಲಿಗೆ ತಿರುಚುತ್ತೆ, ಬಿಡಿ :-) ). ಅದಕ್ಕೆ ನೆಟ್‌ವರ್ಕ್ ಆಡಳಿತದ ಅಧಿಕಾರ ಬೇಕು.

"ಯಾಕ್ ಸಾರ್ ಈ ತಾಪತ್ರಯ? ಸಾಕೆಟ್ಟು ಕೇಳಿದ ತಕ್ಷಣ ಕಾರ್ಡು ತಾನೇ ಆನ್ ಆಗಬಾರದಾ?" ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹುಡುಗನೊಬ್ಬ ಕೇಳಿದ. ಒಳ್ಳೇ ಪ್ರಶ್ನೆ. ಇದಕ್ಕೆ ಉತ್ತರ ನಮ್ಮ ಕೆರೆಗಳ ಹತ್ತಿರ ಇದೆ. ಕೆರೆ ತೂಬು ಎತ್ತೋದು ನೀರಗಂಟಿ. ಕಾಲುವೆಯಿಂದ ತನ್ನ ಗದ್ದೆಗೆ ನೀರು ತಿರುಗಿಸಿಕೊಳ್ಳೋದು ರೈತ. ಪ್ರತಿಯೊಬ್ಬ ರೈತನೂ ತೂಬಿಗೆ ಕೈ ಹಾಕಿದರೆ ಏನಾಗುತ್ತೆ ಅಂತ ನಿಮಗೇ ಗೊತ್ತು. ಕಾರ್ಡೂ ಹಂಚಿಕೊಂಡ ಸ್ವತ್ತು. ಐಜಿಬಿ ಡ್ರೈವರ್ ನಡೆಸೋ ಇಂಟೆಲ್ ಕಾರ್ಡುಗಳಲ್ಲಿ ಹೊರಹೋಗುವ ಪ್ಯಾಕೆಟ್ಟಿನ ಮುದ್ರೆ ಹಿಡಿದಿಡೋಕೆ ಹಲವು ಕಡೆ ಒಂದು ಬಾರಿಗೆ ಒಂದಕ್ಕೇ ಜಾಗ. ಕೇಳಿದವರಿಗೆಲ್ಲ ಕೊಡ್ತೀನಿ ಅಂದರೆ ಪಿಟಿಪಿಗೇ ಸಿಗದೇ ಹೋಗಬಹುದು.

ಹಾಗಂತ ಈ ಏರ್ಪಾಡು ಪೂರ್ತಿ ಸರಿಯಾಗಿದೆಯಾ? ಇಲ್ಲ. ತೂಬು ಇದೆ, ನೀರಗಂಟಿ ಯಾರು ಅಂತ ಮಾತ್ರ ಎಲ್ಲೂ ಬರೆದಿಲ್ಲ! ಅಧಿಕಾರ ಇರೋ ಎರಡು ಪ್ರೋಗ್ರಾಮುಗಳಿದ್ದರೆ ಕೊನೆಗೆ ಬರೆದವನದ್ದೇ ಮಾತು. ಪಿಟಿಪಿ4ಎಲ್ ತನ್ನ ಪಾಡಿಗೆ ಓಡ್ತಾ ಇರುವಾಗ ಇನ್ಯಾರೋ ಹೊರಹೋಗುವ ಮುದ್ರೆ ಆಫ್ ಮಾಡಿದರೆ, ಮುದ್ರೆಗೆ ಕಾದು ಕಾದು ಸಾಕಾಯ್ತು ಅನ್ನೋ ದೂರು ಅದರ ಲಾಗಿನಲ್ಲಿ ಬರುತ್ತೆ. ಆಫ್ ಮಾಡಿದ್ದು ಯಾರು ಅಂತ ಬರಲ್ಲ. ಇನ್ನೂ ಮಜಾ ಏನು ಗೊತ್ತಾ? ಆಗಲೇ ಇರೋ ಸೆಟ್ಟಿಂಗನ್ನ ಬದಲಾಯಿಸದೆ ಓದಿ ನೋಡೋಕೆ ಸರಿಯಾದ ಐಯೋಕ್ಟಲ್ ಬಂದಿದ್ದೇ 2014ರ 3.14ರಲ್ಲಿ. ಐದು ವರ್ಷ ಬರೀ ಬರೆಯೋದು, ಓದೋ ಹಾಗಿಲ್ಲ!

ಇನ್ನೊಂದು ತೊಡಕು ಆಮೇಲೆ ದೊಡ್ಡದಾಯ್ತು. ಒಂದೇ ಪೋರ್ಟಿನಲ್ಲಿ ಎರಡು ಗಡಿಯಾರ ಇರಬಹುದು. ಮ್ಯಾಕ್ ಭಾಗದಲ್ಲೊಂದು, ತಂತಿಗೆ ಅಂಟಿಕೊಂಡಿರೋ ಫೈ ಚಿಪ್ಪಿನಲ್ಲಿ ಇನ್ನೊಂದು. ತಂತಿಗೆ ಹತ್ತಿರ ಇರೋದೇ ಒಳ್ಳೇದು ಅಂತ ಮೇಲ್ನೋಟದ ಲೆಕ್ಕ, ಆದರೆ ಕೆಲವು ಬೋರ್ಡುಗಳಲ್ಲಿ ಮ್ಯಾಕ್ ಗಡಿಯಾರವೇ ವಾಸಿ. ಹಳೇ ಐಯೋಕ್ಟಲ್ಲಿನಲ್ಲಿ ಇದ್ದದ್ದು ಮೂರೇ ಮೂರು ಪೂರ್ಣಾಂಕ. "ಯಾವ ಗಡಿಯಾರ" ಅಂತ ಹೇಳೋಕೆ ಅಲ್ಲಿ ಜಾಗವೇ ಇರಲಿಲ್ಲ. 2025ರ ಮಾರ್ಚಿನಲ್ಲಿ ಬಂದ 6.14ರಲ್ಲಿ ಈ ಆಯ್ಕೆ ಈಥ್‌ಟೂಲ್ ನೆಟ್‌ಲಿಂಕ್ ಕಡೆಗೆ ಬಂತು. ಲಿಂಕಿನ ವೇಗ, ಡ್ಯೂಪ್ಲೆಕ್ಸ್ ಇವೆಲ್ಲ ಇರೋ ಮನೆಯಲ್ಲೇ. ಮುಂದೆ ಹೊಸ ವಿವರ ಸೇರಿಸಿದರೂ ಹಳೇ ಪ್ರೋಗ್ರಾಮುಗಳು ಮುರಿಯಲ್ಲ.

ನನ್ನ ಪ್ರಕಾರ ಇದೇ ಸರಿಯಾದ ಜಾಗ. ಸೆಟ್ಟಿಂಗ್ ಎಲ್ಲಿರಬೇಕು ಅನ್ನೋದಕ್ಕೆ "ಯಾರಿಗೆ ಬೇಕು" ಅಂತ ಕೇಳಬಾರದು, "ಬದಲಾಯಿಸಿದರೆ ಯಾರಿಗೆಲ್ಲ ತಟ್ಟುತ್ತೆ" ಅಂತ ಕೇಳಬೇಕು. ಒಬ್ಬನಿಗೇ ತಟ್ಟೋದಾದರೆ ಸಾಕೆಟ್ಟಿನಲ್ಲಿರಲಿ. ಎಲ್ಲರಿಗೂ ತಟ್ಟೋದಾದರೆ ಎಲ್ಲರ ಕಣ್ಣಿಗೆ ಕಾಣೋ ಕಡೆ, ಓದೋಕೆ ಬರೋ ಹಾಗೆ ಇರಲಿ.

ಕೇಳಿದವರ ಲೆಕ್ಕವನ್ನೆಲ್ಲ ಕರ್ನಲ್ಲೇ ಇಟ್ಟುಕೊಂಡು ನೀರಗಂಟಿಯೂ ಆಗಬಹುದಲ್ಲ ಅಂತ ಹುಡುಗ ಮತ್ತೆ ಕೇಳಿದ. ನನಗೆ ಒಪ್ಪಿಗೆ ಇಲ್ಲ. ಆ ಜವಾಬ್ದಾರಿ ಯಂತ್ರ ನಡೆಸೋವರು ಒಂದೇ ಒಂದು ಡೀಮನ್ನಿಗೆ ವಹಿಸಬೇಕು, ಬೇರೆ ಯಾರಿಗೂ ಆ ಅಧಿಕಾರ ಕೊಡಬಾರದು ಅಂತ ನನ್ನ ವಾದ. ಅವನಿನ್ನೂ ಒಪ್ಪಿಲ್ಲ. ನೀವೇನಂತೀರಿ?