ಶಹಾಬಾದಿನ ಕಲ್ಲು, ಮಗುವಿನ ಗೆರೆ

ಕಲಬುರಗಿಯಿಂದ ದಕ್ಷಿಣಕ್ಕೆ ಹೊರಟ ರೈಲು ಶಹಾಬಾದನ್ನು ತಲಪುತ್ತದೆ. ಇಲ್ಲಿ ಪದರಪದರವಾಗಿ ಏಳುವ ಸುಣ್ಣಕಲ್ಲು ನಾಡಿನ ಅದೆಷ್ಟೋ ಮನೆಗಳ ನೆಲಹಾಸು. ಸೀಮೆಸುಣ್ಣದ ತುಣುಕೊಂದು ಸಿಕ್ಕರೆ ಮಕ್ಕಳಿಗೆ ಅದೇ ಮೊದಲ ಚಿತ್ರಪಟ.

ವಾಡಿಯಲ್ಲಿ ಕವಲೊಡೆದ ಹಳಿ ಚಿತ್ತಾಪುರ, ಸೇಡಂಗಳತ್ತ ತಿರುಗುತ್ತದೆ. ತೊಗರಿಯ ಹೊಲ, ಸಿಮೆಂಟು ಕಾರ್ಖಾನೆಯ ಚಿಮಣಿ, ಕಾಗಿಣಾ ನದಿ—ಇವು ಇಲ್ಲಿನ ನೋಟ. ಆದರೆ ತರಗತಿಯಲ್ಲಿ ಚಿತ್ರ ಬರೆಯೆಂದೊಡನೆ ಮೂಡುವುದೇನು? ಎರಡು ಬೆಟ್ಟ, ನಡುವೆ ಸೂರ್ಯ, ಪಕ್ಕದಲ್ಲೊಂದು ತೆಂಗಿನ ಮರ! ಹಲಗೆಯ ಮೇಲಿನದನ್ನು ನಕಲಿಸಿದರೆ ಬೈಗುಳವಿಲ್ಲವೆಂಬ ಅಂಜಿಕೆಯ ಫಲವದು. ಬೂದು ಬಣ್ಣದ ಮರವನ್ನು ಬರೆದ ಮಗುವನ್ನು ಗದರಿದರೆ, ಎಲೆಯ ಮೇಲಣ ಧೂಳನ್ನು ಕಂಡ ಆ ಕಣ್ಣು ತನ್ನನ್ನೇ ನಂಬದಾಗುತ್ತದೆ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ, ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿದ ನಲಿ-ಕಲಿ ಪದ್ಧತಿಯು ಗೋಡೆಯ ಕೆಳಭಾಗದ ಕಪ್ಪುಹಲಗೆಯನ್ನು ಮಕ್ಕಳ ಕೈಗೇ ಒಪ್ಪಿಸಿತು. ತಿದ್ದುವ ಮುನ್ನ "ಇದೇನು, ಹೇಳು ಮಗು" ಎಂದು ಕೇಳುವ ಉಪಾಧ್ಯಾಯರೂ ಅಲ್ಲಿದ್ದರೆ, ಚಿಂಚೋಳಿಯ ಮಗು ತನ್ನ ಕಾಡನ್ನು, ವಾಡಿಯ ಮಗು ತನ್ನ ರೈಲನ್ನು ಬರೆದು ತೋರಿಸೀತು.

ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಕನಗನಹಳ್ಳಿಯಲ್ಲಿ, ಹಿಂದೊಬ್ಬ ಶಿಲ್ಪಿ ಸುಣ್ಣಕಲ್ಲಿನಲ್ಲೇ ಅಶೋಕರಾಯನನ್ನು ಕೆತ್ತಿ, ಹೆಸರನ್ನೂ ಬರೆದಿಟ್ಟ. ಸುಮಾರು ಎರಡು ಸಾವಿರ ವರ್ಷಗಳ ತರುವಾಯ ಆ ಹೆಸರಿನಿಂದಲೇ ಚಿತ್ರದ ಗುರುತು ಸಿಕ್ಕಿತು. ಮಗುವೂ ತನ್ನ ಚಿತ್ರದ ಕೆಳಗೆ ತನ್ನ ಹೆಸರನ್ನು ಬರೆಯಲಿ. ತಾನು ಕಂಡದ್ದು ಇದೇ ಎನ್ನುವ ಧೈರ್ಯಕ್ಕೆ ಅದೇ ರುಜು.