ಇಪ್ಪತ್ತೇ ಗೇಟುಗಳ ನಿಲ್ದಾಣ
ಅಮೆರಿಕದ ಡಲ್ಲಾಸ್ ನಗರದೊಳಗೇ ಇದೆ ಲವ್ ಫೀಲ್ಡ್ ವಿಮಾನ ನಿಲ್ದಾಣ. (ಹೆಸರು ಪ್ರೀತಿಯಿಂದ ಬಂದದ್ದಲ್ಲ, 1913ರಲ್ಲಿ ವಿಮಾನ ಅಪಘಾತದಲ್ಲಿ ಮಡಿದ ಮಾಸ್ ಲವ್ ಎಂಬ ಸೇನಾಧಿಕಾರಿಯದು.) 2006ರ ಒಪ್ಪಂದದಂತೆ ಇಲ್ಲಿ ವಿಮಾನ ಹತ್ತುವ ಗೇಟುಗಳು 20 ಮಾತ್ರ, 16 ಸೌತ್‌ವೆಸ್ಟ್ ಕಂಪನಿಯ ಪಾಲಿಗೆ ಬಂದವು. 2014ರಲ್ಲಿ ದೂರದ ಹಾರಾಟಗಳ ಮೇಲಿನ ನಿರ್ಬಂಧ ತೆರವಾದದ್ದೇ ತಡ, ಗೇಟುಗಳಿಗಾಗಿ ಜಗ್ಗಾಟ ಶುರುವಾಯಿತು. ಸ್ವಂತ ಗೇಟಿಲ್ಲದ ಡೆಲ್ಟಾ ಕಂಪನಿ ದಿನಕ್ಕೆ ಐದು ಹಾರಾಟಗಳನ್ನು ಉಳಿಸಿಕೊಂಡದ್ದು 2016ರ ನ್ಯಾಯಾಲಯದ ಆದೇಶದಿಂದ.

ವಿದ್ಯಾರ್ಥಿಗಳೇ, ಗೇಟೆಂದರೆ ಬರಿಯ ಜಾಗವಲ್ಲ, ಸಮಯವೂ ಹೌದು. ವಿಮಾನ ಒಂದು ಗಂಟೆಯ ಬದಲು ಅರ್ಧ ಗಂಟೆಯಲ್ಲಿ ಹೊರಟರೆ ಅದೇ ಗೇಟು ಎರಡರಷ್ಟು ವಿಮಾನಗಳಿಗೆ ಒದಗುತ್ತದೆ. ಸೌತ್‌ವೆಸ್ಟ್ 1972ರಲ್ಲಿ ತನ್ನ ನಾಲ್ಕು ವಿಮಾನಗಳಲ್ಲೊಂದನ್ನು ಮಾರಿ, ಉಳಿದ ಮೂರನ್ನು 10 ನಿಮಿಷಗಳಲ್ಲೇ ಮತ್ತೆ ಹಾರಿಸಿ, ಅದೇ ವೇಳಾಪಟ್ಟಿಯನ್ನು ನಿಭಾಯಿಸಿತ್ತು. ಮೆಚ್ಚಬೇಕಾದ್ದೇ. ಆದರೆ ಅಂಥ ಚುರುಕು ತೋರಿಸಲು ಡೆಲ್ಟಾಕ್ಕೆ ಮೊದಲು ಗೇಟು ಸಿಗಬೇಕಿತ್ತಲ್ಲ!